ಬೇರಿನ ಗಂಟು, ಕಡಲ ತಳದ ಹುಳು

ಮುಂಗಾರಿನ ಬೆಳೆ ಮುಗಿದ ಮೇಲೆ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹುರುಳಿ ಬಿತ್ತುತ್ತೇವೆ. ಹುರುಳಿಗೆ ಯಾರು ಗೊಬ್ಬರ ಹಾಕುತ್ತಾರೆ? ಹಾಕುವವರು ಕಡಿಮೆ. ಕಲ್ಲು ಹೊಲಕ್ಕೆ ಎರಚಿ ಬಂದರೂ ಅದು ಹಬ್ಬುತ್ತದೆ, ಕಾಳು ಕೊಡುತ್ತದೆ. ಅದೇ ಹೊಲಕ್ಕೆ ಜೋಳ ಹಾಕಿ ಗೊಬ್ಬರ ಕೊಡದೆ ಬಿಡಿ. ಎಲೆ ಹಳದಿ ತಿರುಗುತ್ತದೆ.

ಹಾಗಾದರೆ ಹುರುಳಿಗೆ ಊಟ ಹಾಕುವವರು ಯಾರು?

ಒಂದು ಸಂಜೆ ಕಲಿಕಾ ಕೇಂದ್ರದಲ್ಲಿ ನಾವು ಈ ಮಾತು ಕೇಳಿದೆವು. ಮಾರನೇ ದಿನ ಒಬ್ಬ ಅಕ್ಕ ಅಲಸಂದೆ ಗಿಡವನ್ನೇ ಕಿತ್ತು ತಂದರು. ಬೇರಿನ ತುಂಬ ರಾಗಿ ಕಾಳಿನಷ್ಟು, ಸಾಸಿವೆಯಷ್ಟು ಗಂಟುಗಳು. "ನೋಡಿ ಟೀಚ್ರೇ, ಬೇರ್ಗೆಲ್ಲ ಗುಳ್ಳೆ ಎದ್ದವೆ. ಅದ್ಯಾವ ರೋಗವೋ ಏನೋ" ಎಂದರು. ಅವರ ಯಜಮಾನರು ಔಷಧಿ ತರಲು ಪೇಟೆಗೆ ಹೊರಟಿದ್ದರಂತೆ. ಬೇಡ, ತಡೀರಿ ಅಂದೆವು.

ಅದು ರೋಗ ಅಲ್ಲ. ಅದು ಮನೆ. ಒಂದೊಂದು ಗಂಟಿನ ಒಳಗೂ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರ್ತವೆ. ಇವಕ್ಕೆ ಬ್ಯಾಕ್ಟೀರಿಯಾ ಅಂತಾರೆ. ಬ್ಯಾಕ್ಟೀರಿಯಾ ಅಂದರೆ ಕಾಯಿಲೆ ತರೋದು ಅಂತಲೇ ನಾವು ಕೇಳಿದ್ದೇವೆ. ಆದರೆ ಹಾಲನ್ನು ಮೊಸರು ಮಾಡೋದೂ ಬ್ಯಾಕ್ಟೀರಿಯಾನೇ. ಬೇರಿನ ಗಂಟಿನಲ್ಲಿರುವ ಜಾತಿಗೆ ರೈಜೋಬಿಯಂ ಎಂದು ಹೆಸರು.

ಇದು ಏನು ಮಾಡುತ್ತದೆ? ಗಿಡ ಹಸಿರಾಗಿ ಬೆಳೆಯಲು ಸಾರಜನಕ ಬೇಕು. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕವೇ. ಆದರೆ ಗಾಳಿಯಲ್ಲಿರುವ ಸಾರಜನಕವನ್ನು ಗಿಡ ಹಾಗೇ ತಿನ್ನಲಾರದು. ಕಣಜದ ತುಂಬ ರಾಗಿ ಇದೆ, ಬಾಗಿಲಿಗೆ ಬೀಗ ಬಿದ್ದಿದೆ. ಬೀಗದ ಕೈ ಈ ಬ್ಯಾಕ್ಟೀರಿಯಾ ಹತ್ತಿರ ಇದೆ. ಇವು ಗಾಳಿಯ ಸಾರಜನಕವನ್ನು ಗಿಡ ತಿನ್ನುವ ಹಾಗೆ ಮಾಡಿ ಕೊಡ್ತವೆ. 45 ಕಿಲೋ ಯೂರಿಯಾ ಚೀಲ ಕೊಂಡರೆ ನಮಗೆ ಸಿಗೋದು ಸುಮಾರು 20 ಕಿಲೋ ಸಾರಜನಕ. ಅದೇ ವಸ್ತುವನ್ನು ಇವು ಕಾಸಿಲ್ಲದೆ ಬೇರಿನಲ್ಲೇ ತಯಾರು ಮಾಡ್ತವೆ.

ಕಾಸಿಲ್ಲದೆ ಅಂದೆವು. ಆದರೆ ಬಿಟ್ಟಿ ಅಲ್ಲ. ಗಿಡ ಬಿಸಿಲಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ. ಅದರಲ್ಲಿ ಒಂದು ಪಾಲನ್ನು ಬೇರಿಗೆ ಇಳಿಸಿ ಬ್ಯಾಕ್ಟೀರಿಯಾಗೆ ಕೊಡುತ್ತದೆ. ನಾವು ಮುಯ್ಯಾಳು ಹೋಗುತ್ತೇವಲ್ಲ? ಇವತ್ತು ನಿಮ್ಮ ಹೊಲದ ಕಳೆ, ನಾಳೆ ನಮ್ಮ ಹೊಲದ ಕಳೆ. ಹಾಗೆ.

ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೀತಾ ಇದೆ ಅಂತ. ಬೆಳ್ಳಗೋ ಹಸಿರಾಗೋ ಇದ್ದರೆ ಕೆಲಸ ಇಲ್ಲ. ಆ ಕೆಂಪು ನಮ್ಮ ರಕ್ತದ ಕೆಂಪಿಗೆ ದಾಯಾದಿ. ಈ ಬ್ಯಾಕ್ಟೀರಿಯಾಗೆ ಉಸಿರಾಡಲು ಆಮ್ಲಜನಕ ಬೇಕು. ಹೆಚ್ಚಾದರೆ ಕೆಲಸವೇ ಕೆಡುತ್ತದೆ. ಅದನ್ನು ಅಳೆದು ಅಳೆದು ಕೊಡುವುದು ಈ ಕೆಂಪು ವಸ್ತು.

ಈ ಕೆಂಪನ್ನು ನೆನಪಿಟ್ಟುಕೊಳ್ಳಿ. ಈಗ ನಮ್ಮ ಹೊಲ ಬಿಟ್ಟು ಬಲು ದೂರ ಹೋಗೋಣ.

1977ನೇ ಇಸವಿ. ಪೆಸಿಫಿಕ್ ಎಂಬ ಮಹಾಸಾಗರ. ಗಲಾಪಗೋಸ್ ದ್ವೀಪಗಳ ಹತ್ತಿರ ಕೆಲವರು ಪುಟ್ಟ ನೌಕೆಯಲ್ಲಿ ಕಡಲ ತಳಕ್ಕೆ ಇಳಿದರು. ನೌಕೆಯ ಹೆಸರು ಆಲ್ವಿನ್. ಆಳ ಸುಮಾರು 2500 ಮೀಟರ್. ನಮ್ಮ ಗೋಪಾಲಸ್ವಾಮಿ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 1450 ಮೀಟರ್ ಎತ್ತರ. ಅಷ್ಟು ಎತ್ತರದ ಬೆಟ್ಟವನ್ನು ಆ ತಳದಲ್ಲಿ ಇಟ್ಟರೂ ಅದರ ತಲೆಯ ಮೇಲೆ ಇನ್ನೂ ಒಂದು ಕಿಲೋಮೀಟರ್ ನೀರು ನಿಲ್ಲುತ್ತದೆ. ಅಲ್ಲಿಗೆ ಬಿಸಿಲು ಹೋಗುವುದಿಲ್ಲ. ಕಗ್ಗತ್ತಲೆ. ಭೂಮಿಯ ಬಿರುಕಿನಿಂದ ಬಿಸಿನೀರು ಉಕ್ಕುವ ಜಾಗ ಹುಡುಕಲು ಅವರು ಹೋಗಿದ್ದರು. ಬಿಸಿನೀರು ಸಿಕ್ಕಿತು. ಆದರೆ ಅದರ ಸುತ್ತ ಜೀವಿಗಳ ಸಂತೆಯೇ ನೆರೆದಿತ್ತು. ದೊಡ್ಡ ದೊಡ್ಡ ಚಿಪ್ಪಿನ ಪ್ರಾಣಿಗಳು. ಆಳೆತ್ತರದ ಹುಳುಗಳು. ಹುಳುವಿಗೆ ಬಿಳಿ ಕೊಳವೆ, ತುದಿಯಲ್ಲಿ ದಾಸವಾಳದಂಥ ಕೆಂಪು ಗರಿ.

ಆ ಹುಳುವನ್ನು ಮೇಲೆ ತಂದು ಕೊಯ್ದು ನೋಡಿದರೆ ಬಾಯಿ ಇಲ್ಲ. ಹೊಟ್ಟೆ ಇಲ್ಲ. ಕರುಳೂ ಇಲ್ಲ.

ಇದನ್ನು ಕೇಂದ್ರದಲ್ಲಿ ಹೇಳಿದಾಗ ಒಬ್ಬ ಅಜ್ಜಿ ನಕ್ಕುಬಿಟ್ಟರು. "ಬಾಯೇ ಇಲ್ದ ಮ್ಯಾಲೆ ಎಂಗವ್ವಾ ಉಂಡದು?" ಎಂದರು. ದೊಡ್ಡ ದೊಡ್ಡ ಓದು ಓದಿದವರೂ ಇದನ್ನೇ ಕೇಳಿದ್ದರು ಅಜ್ಜಿ. ಉತ್ತರ ಹೇಳಿದವರು ಒಬ್ಬ ಹೆಣ್ಣುಮಗಳು. ಕಾಲೀನ್ ಕ್ಯಾವನಾ ಎಂದು ಹೆಸರು. ಆಗ ಇನ್ನೂ ವಿದ್ಯಾರ್ಥಿನಿ. ಹುಳುವಿನ ಮೈಯೊಳಗೆ ಬ್ಯಾಕ್ಟೀರಿಯಾ ಇರಬೇಕು, ಅವೇ ಊಟ ಹಾಕುತ್ತಿರಬೇಕು ಎಂದರು. 1981ರಲ್ಲಿ ಅದನ್ನು ಬರೆದು ತೋರಿಸಿದರು.

ಆ ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ. ಅದರಲ್ಲಿ ಗಂಧಕ ಸೇರಿದ ಒಂದು ಅನಿಲ ಇರುತ್ತದೆ. ನಮಗೆ ಅದು ವಿಷ. ಹುಳು ತನ್ನ ಕೆಂಪು ಗರಿಯಿಂದ ಆ ಅನಿಲವನ್ನೂ ಆಮ್ಲಜನಕವನ್ನೂ ಹೀರುತ್ತದೆ. ಅದರ ರಕ್ತ ಇವೆರಡನ್ನೂ ಬೇರೆ ಬೇರೆ ಹಿಡಿದು ಒಳಗೆ ಸಾಗಿಸುತ್ತದೆ. ಒಳಗೆ ಒಂದು ಚೀಲ, ಚೀಲದ ತುಂಬ ಬ್ಯಾಕ್ಟೀರಿಯಾ. ಅವು ಅನಿಲದಿಂದ ಶಕ್ತಿ ತೆಗೆದು ಆಹಾರ ಮಾಡ್ತವೆ. ಹುಳು ಸಾಮಾನು ಹೊತ್ತು ತರುತ್ತದೆ, ಅವು ಅಡುಗೆ ಮಾಡ್ತವೆ. ಬಿಸಿಲು ಬೇಕಿಲ್ಲ. ಪೂರ್ತಿ ಬೇಕಿಲ್ಲ ಅಂತಲೂ ಅಲ್ಲ. ಆ ಆಮ್ಲಜನಕ ಮೇಲಿನ ಬಿಸಿಲಲ್ಲಿ ಬೆಳೆದ ಹಸಿರಿನಿಂದಲೇ ಬಂದದ್ದು.

ಗರಿಯ ಕೆಂಪು ಯಾವುದು ಗೊತ್ತೇ? ಅದೂ ನಮ್ಮ ರಕ್ತದ ಕೆಂಪಿನ ಬಳಗವೇ. ಅಲಸಂದೆ ಗಂಟಿನಲ್ಲಿ ಕಂಡೆವಲ್ಲ, ಆ ಬಳಗ.

ಇನ್ನೂ ಒಂದು ಹೋಲಿಕೆ ಇದೆ. ಮರಿಹುಳು ಹುಟ್ಟುವಾಗ ಅದರಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ನೀರಿನಲ್ಲಿರುವ ಬ್ಯಾಕ್ಟೀರಿಯಾ ಚರ್ಮದ ಮೂಲಕ ಒಳಗೆ ಬರುತ್ತದೆ. ಅಲಸಂದೆ ಬೀಜದಲ್ಲೂ ಗಂಟು ಇರುವುದಿಲ್ಲ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಬೇರಿನ ಕೂದಲಿನ ಮೂಲಕ ಒಳಗೆ ಬರುತ್ತದೆ. ವ್ಯತ್ಯಾಸ ಒಂದೇ. ಅಲಸಂದೆಗೆ ಗಂಟಿಲ್ಲದಿದ್ದರೆ ಯೂರಿಯಾ ಹಾಕಿ ಬೆಳೆಸಬಹುದು. ಹುಳುವಿಗೆ ಬೇರೆ ಗತಿ ಇಲ್ಲ. ಬಿಸಿನೀರು ನಿಂತರೆ ಅದು ಸಾಯುತ್ತದೆ.

ನಮ್ಮ ಹಿಂದೂ ಮಹಾಸಾಗರದ ತಳದಲ್ಲೂ ಇಂಥ ಬಿಸಿನೀರಿನ ಊಟೆಗಳಿವೆ. ಅಲ್ಲಿ 2001ರಲ್ಲಿ ಒಂದು ಬಸವನಹುಳು ಸಿಕ್ಕಿತು. ಅದರ ಕಾಲಿಗೆ ಕಬ್ಬಿಣದ ಹೊದಿಕೆಯ ಹುರುಪೆಗಳು. ಅದಕ್ಕೂ ಊಟ ಹಾಕುವುದು ಮೈಯೊಳಗಿನ ಬ್ಯಾಕ್ಟೀರಿಯಾ. ಆ ಊಟೆಗಳ ಸುತ್ತ ತಾಮ್ರ, ಸತು, ಚಿನ್ನ ಕೂಡ ಇದೆ. 2016ರಲ್ಲಿ ನಮ್ಮ ದೇಶವೂ ಅಲ್ಲಿ ಹುಡುಕಾಟಕ್ಕೆ ಒಪ್ಪಂದ ಮಾಡಿಕೊಂಡಿತು. ಹುಡುಕಾಟ ಅಷ್ಟೇ, ಗಣಿ ತೋಡಿಲ್ಲ. ಗಣಿ ಬಂದರೆ ಉಳಿಯುವುದು ಕಷ್ಟ ಎಂದು 2019ರಲ್ಲಿ ಆ ಬಸವನಹುಳುವನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಕರಿಕಲ್ಲಿನ ಕ್ವಾರಿ ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಹೊಲಕ್ಕೆ ವಾಪಸ್ಸು ಬರೋಣ. ಎಲ್ಲ ಗಂಟೂ ಒಳ್ಳೆಯದಲ್ಲ. ಟೊಮೇಟೊ ಬೇರಿನಲ್ಲೂ ಗಂಟು ಕಾಣುತ್ತದೆ. ಅದು ಜಂತುಹುಳುವಿನ ಕಾಟ. ಅಲ್ಲಿ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಬರೋದಿಲ್ಲ. ಅಲಸಂದೆ, ಹುರುಳಿ, ಅವರೆ, ನೆಲಗಡಲೆಯ ಒಳ್ಳೆ ಗಂಟು ಬೇರಿಗೆ ಅಂಟಿಕೊಂಡಿರುತ್ತದೆ. ಬೆರಳಲ್ಲಿ ತಳ್ಳಿದರೆ ಉದುರುತ್ತದೆ.

ರಾಗಿ ನಡುವೆ ಅವರೆ ಅಕ್ಕಡಿ ಸಾಲು ಹಾಕುತ್ತಿದ್ದ ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾ ಹೆಸರು ಗೊತ್ತಿರಲಿಲ್ಲ, ಗುಣ ಗೊತ್ತಿತ್ತು. ಸಾರಜನಕವೆಲ್ಲ ಮಣ್ಣಿಗೆ ಸೇರುತ್ತದೆ ಅಂತ ತಿಳಿಯಬೇಡಿ. ಬಹುಪಾಲು ಕಾಳಿಗೆ ಹೋಗುತ್ತದೆ. ಹುರುಳಿ ಬಸ್ಸಾರು ಮೈಗೆ ಬಲ ಅನ್ನೋದು ಅದಕ್ಕೇ. ಉದುರಿದ ಎಲೆ, ಉಳಿದ ಬೇರು ಮಣ್ಣಿಗೆ. ಯೂರಿಯಾ ಜಾಸ್ತಿ ಸುರಿದರೆ ಬೇರಿನಲ್ಲಿ ಗಂಟೇ ಕಡಿಮೆಯಾಗುತ್ತದೆ.

ಗಂಟು ಕಾಣದ ಹೊಲಕ್ಕೆ ರೈಜೋಬಿಯಂ ಪೊಟ್ಟಣ ಸಿಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹರದನಹಳ್ಳಿ ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು. ಬೆಲ್ಲದ ನೀರು ಕಾಯಿಸಿ, ಪೂರ್ತಿ ಆರಿಸಿ, ಅದರಲ್ಲಿ ಪುಡಿ ಕಲಸಿ ಬೀಜಕ್ಕೆ ಸವರಬೇಕು. ನೆರಳಿನಲ್ಲಿ ಒಣಗಿಸಿ ಅವತ್ತೇ ಬಿತ್ತಬೇಕು. ಪೊಟ್ಟಣದೊಳಗೆ ಇರೋದು ಜೀವ. ಬಿಸಿಲಿಗೆ ಇಟ್ಟರೆ ಸಾಯುತ್ತದೆ. ಕಡಲೆಯ ಪೊಟ್ಟಣ ಅಲಸಂದೆಗೆ ಆಗೋದಿಲ್ಲ. ಬೆಳೆಯ ಹೆಸರು, ಕೊನೆಯ ತಾರೀಕು ಎರಡನ್ನೂ ಓದಿ ತನ್ನಿ.

ಅಲಸಂದೆ ಗಿಡ ತಂದಿದ್ದ ಅಕ್ಕ ಮುಂದಿನ ಸಲ ಅವರೆಗೆ ಪೊಟ್ಟಣ ತರಲು ಅಂಗಡಿಗೆ ಹೋದರು. ಕೌಂಟರಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ತಾರೀಕು ಮುಗಿದು ಎರಡು ತಿಂಗಳಾಗಿತ್ತು. ಪೊಟ್ಟಣ ಹಿಂದಕ್ಕೆ ಇಟ್ಟರು. ಅಂಗಡಿಯವರು ಒಳಗೆ ಹೋಗಿ ಬೇರೆಯದು ತಂದುಕೊಟ್ಟರು. ಅಕ್ಕ ಅದನ್ನೂ ಓದಿಯೇ ದುಡ್ಡು ಕೊಟ್ಟರು.