ಯುದ್ಧಕಾಲದ ಹಾಸಿಗೆ ಲೆಕ್ಕ

ಯುದ್ಧಕಾಲದಲ್ಲಿ ಆಸ್ಪತ್ರೆಗಳಿಗೆ ಎಷ್ಟು ಹಾಸಿಗೆ ಬೇಕೆಂಬುದು ಗಾಯಾಳುಗಳ ಒಟ್ಟು ಸಂಖ್ಯೆಯಿಂದ ನಿರ್ಧಾರವಾಗುವುದಿಲ್ಲ. ದಿನಕ್ಕೆ ಎಷ್ಟು ಮಂದಿ ದಾಖಲಾಗುತ್ತಾರೆ ಮತ್ತು ಒಬ್ಬೊಬ್ಬರು ಸರಾಸರಿ ಎಷ್ಟು ದಿನ ಉಳಿಯುತ್ತಾರೆ ಎಂಬೆರಡರ ಗುಣಲಬ್ಧವೇ ತುಂಬಿರುವ ಹಾಸಿಗೆಗಳ ಸಂಖ್ಯೆ. ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿದ ಈ ನಿಯಮದಂತೆ, ದಿನಕ್ಕೆ 100 ಮಂದಿ ಬಂದು 30 ದಿನ ಉಳಿದರೆ 3,000 ಹಾಸಿಗೆ ತುಂಬಿರುತ್ತವೆ, 15 ದಿನಕ್ಕೇ ತೆರವು ಮಾಡಿದರೆ 1,500 ಸಾಕು.

ಗುಣಾಕಾರದಲ್ಲಿ ತಪ್ಪುಗಳೂ ಗುಣಿತವಾಗುತ್ತವೆ. ಎರಡನೆಯ ಮಹಾಯುದ್ಧಕ್ಕೆ ಮುನ್ನ ಬ್ರಿಟನ್ನಿನ ಅಧಿಕಾರಿಗಳು, ಮೊದಲ ಮಹಾಯುದ್ಧದ ಕೆಲವೇ ವಾಯುದಾಳಿಗಳ ಅನುಭವವನ್ನು ಆಧರಿಸಿ, ಒಂದು ಟನ್ ಬಾಂಬಿಗೆ 50 ಮಂದಿ ಸಾಯುತ್ತಾರೆ ಇಲ್ಲವೇ ಗಾಯಗೊಳ್ಳುತ್ತಾರೆಂದು ಎಣಿಸಿದರು. ಅದರಂತೆ 60 ದಿನಗಳ ದಾಳಿಯಲ್ಲಿ 6 ಲಕ್ಷ ಸಾವು, 12 ಲಕ್ಷ ಗಾಯಾಳುಗಳು ಎಂಬ ಅಂದಾಜು ಹುಟ್ಟಿತು. ಇಡೀ ಯುದ್ಧದಲ್ಲಿ ಅಲ್ಲಿ ಸತ್ತ ನಾಗರಿಕರು ಸುಮಾರು 60 ಸಾವಿರ. ಆದರೆ 1939ರಲ್ಲಿ ಆ ಅಂದಾಜನ್ನು ನಂಬಿ, ಎರಡೇ ದಿನಗಳಲ್ಲಿ ಸುಮಾರು 1,40,000 ರೋಗಿಗಳನ್ನು, ಕ್ಷಯರೋಗಿಗಳನ್ನೂ ಬಿಡದೆ, ಮನೆಗೆ ಕಳುಹಿಸಲಾಯಿತು. ದೊಡ್ಡ ದಾಳಿಗಳು ಶುರುವಾದದ್ದು ಮರುವರ್ಷ. ಎಚ್ಚರಿಕೆಗೆಂದು ಖಾಲಿ ಇರಿಸಿದ ಹಾಸಿಗೆಯ ಬೆಲೆಯನ್ನು ಬೇರೆ ಯಾರೋ ತೆತ್ತರೆಂಬುದು ಯೋಜಕರ ಕಡತದಲ್ಲಿ ಸುಲಭವಾಗಿ ಕಾಣುವಂಥದ್ದಲ್ಲ. ಅದೇ ಹಾಸಿಗೆಗಳು 1940ರಲ್ಲಿ ಡಂಕರ್ಕ್‌ನಿಂದ ಬಂದ ಗಾಯಾಳು ಸೈನಿಕರಿಗೆ ಒದಗಿದವು ಎಂಬುದನ್ನೂ ಹೇಳಬೇಕು.

ಸೇನಾ ವೈದ್ಯಕೀಯದಲ್ಲಿ ದಾಖಲಾತಿ ಯೋಜಕರ ಕೈಯಲ್ಲಿಲ್ಲ, ಅದು ಶತ್ರುವಿನ ಕೈಯಲ್ಲಿದೆ. ಹೀಗಾಗಿ ಅವರು ಹಿಡಿತ ಸಾಧಿಸುವುದು ಉಳಿಯುವ ದಿನಗಳ ಮೇಲೆ. ನಿಗದಿತ ಅವಧಿಯೊಳಗೆ ಕರ್ತವ್ಯಕ್ಕೆ ಮರಳಲಾರದವನನ್ನು ರಣಭೂಮಿಯ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳದೆ ಹಿಂದಕ್ಕೆ ಸಾಗಿಸುವ ಈ ನಿಯಮಕ್ಕೆ ತೆರವು ನೀತಿಯೆನ್ನಬಹುದು. ಅವಧಿ ಕಿರಿದಾದಷ್ಟೂ ಮುಂಚೂಣಿಯಲ್ಲಿ ಹಾಸಿಗೆ ಕಡಿಮೆ ಸಾಕು, ಆದರೆ ಹಡಗು, ವಿಮಾನಗಳು ಹೆಚ್ಚು ಬೇಕಾಗುತ್ತವೆ ಮತ್ತು ಬೇಗನೆ ಗುಣವಾಗುತ್ತಿದ್ದ ಅನುಭವಿ ಸೈನಿಕರೂ ಪಡೆಯಿಂದ ದೂರವಾಗುತ್ತಾರೆ.

ಇಷ್ಟಾದರೂ ತುಂಬಿದ ಹಾಸಿಗೆಗಳ ಸಂಖ್ಯೆಯೇ ಬೇಕಾದ ಹಾಸಿಗೆಗಳ ಸಂಖ್ಯೆಯಲ್ಲ. ಸುಟ್ಟಗಾಯದವರ ವಾರ್ಡಿನಲ್ಲಿ ಜಾಗವಿಲ್ಲದಾಗ ಸಾಂಕ್ರಾಮಿಕ ರೋಗಿಗಳ ವಾರ್ಡಿನಲ್ಲಿರುವ ಖಾಲಿ ಹಾಸಿಗೆ ಉಪಯೋಗಕ್ಕೆ ಬಾರದು. ಸದ್ದಿಲ್ಲದ ಗಡಿಯ ಆಸ್ಪತ್ರೆಯದು ಹೊತ್ತಿ ಉರಿಯುವ ಗಡಿಗೆ ತಲುಪದು. ಹೀಗೆ ಶೇ 20ರಷ್ಟು ಖಾಲಿಯೇ ಉಳಿಯುತ್ತವೆಂದು ಎಣಿಸಿದರೆ, 1,000 ರೋಗಿಗಳಿಗೆ 1,250 ಹಾಸಿಗೆ, ಜತೆಗೆ ಅಷ್ಟಕ್ಕೂ ಸಾಲುವಷ್ಟು ದಾದಿಯರು ಬೇಕು.