ರೇಡಾರ್ ಯಂತ್ರ ಸಾವಿರ ಅಡಿ ಆಳದ ಬೋರ್‌ವೆಲ್ ನೀರನ್ನು ತೋರಿಸುತ್ತದೆಯೇ?

ಹುಲ್ಲು ಕತ್ತರಿಸುವ ಗಾಡಿಯಂಥದ್ದನ್ನು ಒಬ್ಬರು ಹೊಲದಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಪರದೆಯ ಮೇಲೆ ಬಣ್ಣದ ಗೆರೆಗಳು ಮೂಡುತ್ತವೆ. ‘ಸಾವಿರ ಅಡಿವರೆಗಿನ ನೀರು, ನೂರಕ್ಕೆ ನೂರು ಖಚಿತ’ ಎಂಬ ಸಾಲು, ಕೆಳಗೊಂದು ಫೋನ್ ನಂಬರ್. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಚಿತ್ರದುರ್ಗ ತಾಲ್ಲೂಕಿನ ಭರಮಸಾಗರದಂಥ ಕಡೆ ಒಂದು ಬೋರ್ ಫೇಲಾದರೆ ರೈತನ ತಲೆ ಮೇಲೆ ದೊಡ್ಡ ಸಾಲವೇ ಬೀಳುತ್ತದೆ. ಹಾಗಾಗಿ ಫಾರ್ವರ್ಡ್ ಮಾಡುವ ಮುಂಚೆ ಈ ಯಂತ್ರದ ಕೆಲಸ ಏನೆಂದು ನೋಡೋಣ.

ಯಂತ್ರ ಸುಳ್ಳಲ್ಲ. ಅದರ ಹೆಸರು ಗ್ರೌಂಡ್ ಪೆನಿಟ್ರೇಟಿಂಗ್ ರೇಡಾರ್, ಚಿಕ್ಕದಾಗಿ ಜಿಪಿಆರ್. ನೆಲದೊಳಗಿನ ಪೈಪು, ಕೇಬಲ್ ಹುಡುಕಲು ಇದನ್ನು ಬಳಸುತ್ತಾರೆ. ಅದು ರೇಡಿಯೊ ಅಲೆಗಳನ್ನು ಕೆಳಕ್ಕೆ ಬಿಡುತ್ತದೆ. ಏನಾದರೂ ಅಡ್ಡ ಸಿಕ್ಕರೆ ಅಲೆಯ ಒಂದು ಪಾಲು ಮರಳಿ ಬರುತ್ತದೆ. ಹೋಗಿ ಬರಲು ಎಷ್ಟು ಹೊತ್ತಾಯಿತು ಎಂಬುದೇ ಲೆಕ್ಕ.

ನೀರಿನ ಗುಟ್ಟು ಇರುವುದು ಇಲ್ಲೇ. ಗಾಳಿಯಲ್ಲಿ ಈ ಅಲೆ ಒಂದು ನ್ಯಾನೊಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತದೆ. ಒಣ ಮರಳಿನಲ್ಲಿ ಸುಮಾರು 15, ಚೆನ್ನಾಗಿ ನೆನೆದ ಮಣ್ಣಿನಲ್ಲಿ ಸುಮಾರು 6. ಅಂದರೆ ಒಂದು ಮೀಟರ್ ಆಳಕ್ಕೆ ಹೋಗಿ ಬರಲು ಒಣ ನೆಲದಲ್ಲಿ 13 ನ್ಯಾನೊಸೆಕೆಂಡ್ ಸಾಕಾದರೆ, ಒದ್ದೆ ನೆಲದಲ್ಲಿ 33 ಬೇಕು. ಆಳ ಮೊದಲೇ ಗೊತ್ತಿದ್ದರೆ (ಒಂದು ಕಬ್ಬಿಣದ ಸರಳು ಹೂತಿಟ್ಟರೂ ಆಯಿತು) ತಡವಾದಷ್ಟೂ ನೀರು ಹೆಚ್ಚು ಎಂದು ಹೇಳಬಹುದು. ಹೀಗೆ ಒಂದೇ ಹೊಲದಲ್ಲಿ ಎಲ್ಲಿ ತೇವ ಉಳಿದಿದೆ, ಎಲ್ಲಿ ಒಣಗಿದೆ ಎಂದು ಅಗೆಯದೆಯೇ ನಕ್ಷೆ ಮಾಡಬಹುದು. ವಿಜ್ಞಾನಿಗಳು ಜಿಪಿಆರ್‌ನಿಂದ ನೀರನ್ನು ಅಳೆಯುವುದು ಹೆಚ್ಚಾಗಿ ಹೀಗೆಯೇ, ಮೇಲಿನ ಕೆಲವು ಮೀಟರ್‌ಗಳಲ್ಲಿ.

ಹಾಗಾದರೆ ಆರುನೂರು ಅಡಿ ಕೆಳಗೆ? ಆಗದು. ಜೇಡಿ ಮತ್ತು ತೇವ ಎರಡೂ ಸೇರಿದಾಗ ಮಣ್ಣು ವಿದ್ಯುತ್ತನ್ನು ಹರಿಸುತ್ತದೆ, ಅಲೆಯ ಶಕ್ತಿಯನ್ನು ಕುಡಿದುಬಿಡುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಕೆಂಪು ಮಣ್ಣೂ ಇದೆ, ಎರೆಮಣ್ಣೂ ಇದೆ. ಮಳೆ ಬಿದ್ದ ಎರೆ ಹೊಲದಲ್ಲಿ ಜಿಪಿಆರ್ ಒಂದು ಮೀಟರ್ ದಾಟಿದರೆ ಹೆಚ್ಚು. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ರೇಡಾರ್ ಕಿಲೋಮೀಟರ್‌ಗಟ್ಟಲೆ ಇಳಿಯುತ್ತದೆ ನಿಜ, ಆದರೆ ನಮ್ಮ ಹೊಲ ಮಂಜುಗಡ್ಡೆಯಲ್ಲವಲ್ಲ! ಜೊತೆಗೆ ನಮ್ಮ ಕಡೆ ಬೋರ್‌ವೆಲ್ ನೀರು ಇರುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಅಷ್ಟು ಆಳದ ಸಣ್ಣ ಬಿರುಕನ್ನು ಗಾಡಿ ತಳ್ಳಿ ನೋಡುವ ವಿದ್ಯೆ ಇಲ್ಲ. ‘ಎರಡು ಇಂಚು ನೀರು’ ಎಂದು ಇಳುವರಿ ಹೇಳುವುದಂತೂ ತೆಂಗಿನಕಾಯಿ ಹಿಡಿದು ಹೇಳಿದಷ್ಟೇ.

ಆಳದ ನೀರು ಹುಡುಕಲು ಬೇರೆ ವಿಧಾನಗಳಿವೆ. ಪಕ್ಕದ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನ ಪ್ರದೇಶದಲ್ಲಿ 2013ರ ಸುಮಾರಿಗೆ ಕೇಂದ್ರ ಅಂತರ್ಜಲ ಮಂಡಳಿಗಾಗಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಒಂದು ಸಮೀಕ್ಷೆ ಮಾಡಿತು. ಹೆಲಿಕಾಪ್ಟರ್‌ಗೆ ದೊಡ್ಡ ತಂತಿ ಸುರುಳಿ ತೂಗುಹಾಕಿ, ನೆಲದೊಳಗೆ ವಿದ್ಯುತ್ ಪ್ರವಾಹ ಹುಟ್ಟಿಸಿ, ಅದು ಅಡಗುವ ರೀತಿಯಿಂದ ಪದರಗಳನ್ನು ಗುರುತಿಸಿದರು. ಇದು ಜಿಪಿಆರ್ ಅಲ್ಲ. ಇನ್ನು ಬೋರ್ ಪಾಯಿಂಟ್‌ಗೆ ಸಾಮಾನ್ಯವಾಗಿ ಮಾಡುವುದು ಗೂಟ ನೆಟ್ಟು ಕರೆಂಟ್ ಹರಿಸುವ ರೆಸಿಸ್ಟಿವಿಟಿ ಪರೀಕ್ಷೆ. ಅದೂ ನೀರನ್ನು ನೇರವಾಗಿ ನೋಡುವುದಿಲ್ಲ, ವಿದ್ಯುತ್ ಸುಲಭವಾಗಿ ಹರಿಯುವ ಜಾಗವನ್ನು ಹೇಳುತ್ತದೆ. ಅಲ್ಲಿ ನೀರಿರಬಹುದು, ಬರೀ ಜೇಡಿಯೂ ಇರಬಹುದು. ಆದ್ದರಿಂದ ಪ್ರಾಮಾಣಿಕ ಭೂವಿಜ್ಞಾನಿ ‘ಖಚಿತ’ ಎನ್ನುವುದಿಲ್ಲ, ‘ಸಾಧ್ಯತೆ ಇದೆ’ ಎನ್ನುತ್ತಾರೆ. ಅಂತರ್ಜಲ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಅಂಥವರನ್ನು ಕೇಳಬಹುದು. ಯಂತ್ರದವರು ಬಂದರೆ, ಹಿಂದೆ ಕೊಟ್ಟ ಪಾಯಿಂಟ್‌ಗಳಲ್ಲಿ ಎಷ್ಟು ಫೇಲಾದವು ಎಂದೂ ಕೇಳಿ.

ಭರಮಸಾಗರದ ದೊಡ್ಡ ಕೆರೆಗೆ 2021ರಲ್ಲಿ ತುಂಗಭದ್ರೆಯ ನೀರು ಏತ ನೀರಾವರಿಯಿಂದ ಬಂತು. ಕೆರೆ ತುಂಬಿದಾಗ ಏರಿಯ ಕೆಳಗಿನ ಯಾವ ಹೊಲದ ಮೇಲ್ಮಣ್ಣಿನಲ್ಲಿ ತೇವ ಹೆಚ್ಚುತ್ತದೆ, ಎಷ್ಟು ದೂರದವರೆಗೆ, ಬೇಸಿಗೆಯಲ್ಲಿ ಎಲ್ಲಿ ಮೊದಲು ಆರುತ್ತದೆ? ಕೆಂಪು ಮಣ್ಣಿನ ಹೊಲಗಳಲ್ಲಾದರೆ ಜಿಪಿಆರ್ ಗಾಡಿ ಉತ್ತರ ಕೊಡಬಲ್ಲ ಪ್ರಶ್ನೆಗಳು ಇಂಥವು.