ಕೊಯ್ಲಿನ ಗಡಿಬಿಡಿಯಲ್ಲಿ ಮಕ್ಕಳ ಮನಸ್ಸನ್ನು ಮರೆಯದಿರೋಣ



ನವೆಂಬರ್ ಬಂತೆಂದರೆ ಮಲೆನಾಡಿನ ಯಾವ ಮನೆಗೂ ಪುರುಸೊತ್ತಿಲ್ಲ. ಒಂದು ಕಡೆ ಕಾಫಿ ಹಣ್ಣು ಕೊಯ್ಯಲು ಆಳು ಹೊಂದಿಸಬೇಕು. ಇನ್ನೊಂದು ಕಡೆ ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಬೇಕು. ಇದೆಲ್ಲ ಮುಗಿಯುವಾಗ ಫೆಬ್ರವರಿ ಕಳೆದಿರುತ್ತದೆ. ಇದೇ ತಿಂಗಳುಗಳಲ್ಲಿ ಮನೆಯ ಮಗನೋ ಮಗಳೋ ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಪರೀಕ್ಷೆಗೆ ಓದುತ್ತಿರುತ್ತಾರೆ. ಮಕ್ಕಳಿಗೆ ನಾವು ಹೆಚ್ಚು ಬೇಕಾದ ಕಾಲದಲ್ಲೇ ನಾವು ಕಣದಲ್ಲಿರುತ್ತೇವೆ.

ನಮ್ಮಲ್ಲಿ ಅನೇಕರ ಮಕ್ಕಳು ದೂರದ ಪಟ್ಟಣದ ಹಾಸ್ಟೆಲುಗಳಲ್ಲಿದ್ದಾರೆ. ಮನೆಯಲ್ಲಿರುವವರಾದರೋ ಎಲೆಚುಕ್ಕಿ ರೋಗ, ಇಳಿದ ಧಾರಣೆ, ಸಾಲದ ಕಂತು ಎಂದು ಜಗಲಿಯ ಮೇಲೆ ನಡೆಯುವ ಮಾತನ್ನೆಲ್ಲ ಒಳಗಿನಿಂದ ಕೇಳಿಸಿಕೊಳ್ಳುತ್ತಾರೆ. ತಂದೆಯ ಚಿಂತೆ ಅವರಿಗೂ ತಟ್ಟುತ್ತದೆ. "ಪಕ್ಕದ ಮನೆಯ ಹುಡುಗನಿಗೆ ಎಷ್ಟು ಬಂತು ನೋಡು" ಎಂಬ ಒಂದು ಮಾತು ಆ ಭಾರವನ್ನು ಇಮ್ಮಡಿಗೊಳಿಸುತ್ತದೆ.

ಇದು ಅಪರೂಪದ ಸಂಗತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 40 ಮಕ್ಕಳ ತರಗತಿಯಲ್ಲಿ ಸುಮಾರು ಮೂವರು ಎಂದಾಯಿತು.

ಗಮನಿಸಬೇಕಾದ ಲಕ್ಷಣಗಳು

ಕೊಳೆರೋಗ ಕಾಣಿಸಿಕೊಳ್ಳುವವರೆಗೆ ಕಾಯದೆ ಮಳೆಗಾಲಕ್ಕೆ ಮೊದಲೇ ಬೋರ್ಡೋ ಸಿಂಪಡಿಸುವವರು ನಾವು. ಮಕ್ಕಳ ವಿಷಯದಲ್ಲೂ ಅದೇ ಎಚ್ಚರ ಬೇಕು. ನಿದ್ದೆ ಕೆಡುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಸಣ್ಣ ಮಾತಿಗೂ ಸಿಡುಕುವುದು, ಕಾರಣ ಸಿಗದ ತಲೆನೋವು ಹೊಟ್ಟೆನೋವು, ಇಷ್ಟದ ಆಟದಲ್ಲೂ ಆಸಕ್ತಿ ಇಲ್ಲದಿರುವುದು - ಇವು ಎರಡು ವಾರ ಮೀರಿ ನಡೆದರೆ ಸೋಮಾರಿತನವೆಂದು ಬೈಯುವುದು ಸಲ್ಲ. "ಯಾಕೆ ಮಗಾ ಸಪ್ಪಗಿದ್ದೀಯ?" ಎಂದು ಪಕ್ಕದಲ್ಲಿ ಕುಳಿತು ಕೇಳಬೇಕು. ಕೇಳಿದ ಮೇಲೆ ಬುದ್ಧಿ ಹೇಳಲು ಅವಸರಿಸದೆ, ಅವರ ಮಾತು ಮುಗಿಯುವವರೆಗೆ ಸುಮ್ಮನಿರಬೇಕು.

"ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂಥ ಮಗುವನ್ನು ಒಂಟಿಯಾಗಿ ಬಿಡದೆ ಆ ದಿನವೇ ವೈದ್ಯರನ್ನು ಕಾಣಬೇಕು.

ಔಷಧಿಯ ಕಪಾಟಿಗೆ ಬೀಗ

ಬೆಳೆಗಾರರಾದ ನಾವು ಮಾತ್ರ ಮಾಡಬಹುದಾದ ಕೆಲಸ ಒಂದಿದೆ. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕಗಳು ಹಲವು ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ತೆರೆದೇ ಇರುತ್ತವೆ. ದುಡುಕಿನ ಯೋಚನೆ ಅನೇಕ ವೇಳೆ ಸ್ವಲ್ಪ ಹೊತ್ತಿನಲ್ಲೇ ಹಾದುಹೋಗುತ್ತದೆ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1995 ಮತ್ತು 1998ರಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ನಂತರ, 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಆದುದರಿಂದ ಬೇಕಾದಷ್ಟೇ ಔಷಧಿ ತಂದು, ಮನೆಯಿಂದ ದೂರ ಬೀಗ ಹಾಕಿಟ್ಟು, ಬೀಗದ ಕೈ ಹಿರಿಯರೊಬ್ಬರ ಬಳಿಯೇ ಇರಲಿ. ಖಾಲಿ ಡಬ್ಬಗಳನ್ನೂ ಉಳಿಸಿಕೊಳ್ಳಬೇಡಿ.

ನೆರವು ಎಲ್ಲಿ?

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳು ತಾವೇ ಕರೆ ಮಾಡಲು 1098 ಸಹ ಇದೆ. ಈ ಎರಡೂ ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಸಲಹೆ ದೊರೆಯುತ್ತದೆ. 1985ರಿಂದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ನಾವು ಹೆಮ್ಮೆಪಡುವ ವಿಷಯ.

ನಾಲ್ಕು ಜನ ಏನೆನ್ನುತ್ತಾರೋ, ಮುಂದೆ ಮದುವೆಗೆ ತೊಂದರೆಯಾದೀತೋ ಎಂದು ಹಿಂಜರಿಯುವವರಿದ್ದಾರೆ. ದೇವರಿಗೆ ಹರಕೆ ಹೊರುವುದು ಅವರವರ ನಂಬಿಕೆ. ಆದರೆ ಅದರ ಜೊತೆಗೆ ವೈದ್ಯರನ್ನೂ ಕಾಣಬೇಕು. ಜ್ವರಕ್ಕೆ ಔಷಧಿ ಕೊಡಿಸಿದಂತೆಯೇ ಇದೂ.

ಫಲಿತಾಂಶದ ದಿನ ಯಾವ ಮಗುವೂ ಒಂಟಿಯಾಗಿರದಂತೆ ನೋಡಿಕೊಳ್ಳೋಣ. ಅನುತ್ತೀರ್ಣರಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಒಂದು ವರ್ಷ ಫಸಲು ಕೈಕೊಟ್ಟರೆ ನಾವು ತೋಟ ಬಿಟ್ಟು ಹೋಗುವುದಿಲ್ಲವಷ್ಟೆ. ಈ ಮಾತನ್ನು ಫಲಿತಾಂಶ ಬರುವ ಮೊದಲೇ ಮಕ್ಕಳಿಗೆ ಹೇಳಬೇಕೆಂದೂ, ಕೊಯ್ಲಿನ ದಿನಗಳಲ್ಲೂ ರಾತ್ರಿಯ ಊಟವನ್ನಾದರೂ ಅವರೊಂದಿಗೆ ಕುಳಿತು ಮಾಡಬೇಕೆಂದೂ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ.